ಕಂಪನಿಯ ವಿಮೆ, ಪಿಎಫ್, ಎನ್‌ಪಿಎಸ್: ಕೆಲಸ ಬಿಟ್ಟ ಮರುದಿನ ಕೈಯಲ್ಲಿ ಉಳಿಯುವುದೇನು?

ಆಫರ್ ಲೆಟರ್ ಕೈಗೆ ಬಂದಾಗ ಬಹುತೇಕರ ಕಣ್ಣು ಹೋಗುವುದು ಎರಡು ಅಂಕಿಗಳ ಮೇಲೆ: ವರ್ಷದ ಸಿಟಿಸಿ (ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ವೆಚ್ಚ) ಎಷ್ಟು, ತಿಂಗಳಿಗೆ ಕೈಗೆ ಬರುವುದೆಷ್ಟು. ಅವೆರಡರ ನಡುವೆ ಬರುವ ಪಿಎಫ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡಿಗಂಟು), ಗುಂಪು ಆರೋಗ್ಯ ವಿಮೆ, ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಎಂಬ ಸಾಲುಗಳನ್ನು ನಿಧಾನವಾಗಿ ಓದುವವರು ಕಡಿಮೆ. ಸೇರಿದ ಮೊದಲ ವಾರದ ಗಡಿಬಿಡಿಯಲ್ಲಿ ಎಚ್‌ಆರ್ ಪೋರ್ಟಲ್ ಕೇಳಿದ ಕಡೆಯೆಲ್ಲ ಟಿಕ್ ಹಾಕಿ ಮುಂದೆ ಹೋಗುವುದೇ ರೂಢಿ. ಆದರೆ ಆ ಟಿಕ್‌ಗಳಲ್ಲಿ ಕೆಲವನ್ನು ವರ್ಷಕ್ಕೊಮ್ಮೆ ಮಾತ್ರ ಬದಲಿಸಬಹುದು. ಕೆಲವನ್ನು ಆಮೇಲೆ ಬದಲಿಸುವುದು ಬಹಳ ಕಷ್ಟ.

ಈ ಸೌಲಭ್ಯಗಳನ್ನು ಬಡ್ಡಿ ದರದಿಂದಲೋ, ತೆರಿಗೆ ಉಳಿತಾಯದಿಂದಲೋ, ವಿಮಾ ಮೊತ್ತದಿಂದಲೋ ಅಳೆಯುವುದು ತಪ್ಪಲ್ಲ, ಆದರೆ ಅಷ್ಟೇ ಸಾಲದು. ಖಾಸಗಿ ಉದ್ಯೋಗದಲ್ಲಿರುವವರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಾನು ಈ ಕೆಲಸ ಬಿಟ್ಟ ಮರುದಿನ, ಅಥವಾ ಕಂಪನಿಯೇ ನನ್ನನ್ನು ಬಿಟ್ಟ ಮರುದಿನ, ಇವುಗಳಲ್ಲಿ ಯಾವುದು ನನ್ನ ಜೊತೆ ಬರುತ್ತದೆ, ಯಾವುದು ಆ ಕುರ್ಚಿಯಲ್ಲೇ ಉಳಿಯುತ್ತದೆ? ಈ ಪ್ರಶ್ನೆಯನ್ನು ಕೈಯಲ್ಲಿಟ್ಟುಕೊಂಡು ನೋಡಿದರೆ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಸೌಲಭ್ಯ ಕೆಲವೊಮ್ಮೆ ಚಿಕ್ಕದಾಗುತ್ತದೆ, ಸಂಬಳದ ಚೀಟಿಯ ಮೂಲೆಯಲ್ಲಿರುವ ಸಾಲು ದೊಡ್ಡದಾಗುತ್ತದೆ.

ಪಿಎಫ್: ₹1,800 ಸಾಕೋ, ಪೂರ್ಣ ಬೇಸಿಕ್ ಮೇಲೆ ಬೇಕೋ

20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ ನೌಕರರ ಭವಿಷ್ಯ ನಿಧಿ ಅನ್ವಯಿಸುತ್ತದೆ. ನೌಕರನ ಪಾಲು ಮೂಲ ವೇತನ (ಬೇಸಿಕ್) ಮತ್ತು ತುಟ್ಟಿಭತ್ಯೆಯ ಶೇ 12, ಸಂಸ್ಥೆಯ ಪಾಲೂ ಅಷ್ಟೇ. ಕಾನೂನಿನ ಕಡ್ಡಾಯ ಮಾತ್ರ ತಿಂಗಳಿಗೆ ₹15,000 ವೇತನದವರೆಗೆ; 2014ರ ಸೆಪ್ಟೆಂಬರ್‌ನಲ್ಲಿ ಗೊತ್ತಾದ ಮಿತಿ ಇದು. ಹಾಗಾಗಿ ಅನೇಕ ಕಂಪನಿಗಳು ಹೊಸಬರ ಮುಂದೆ ಎರಡು ಆಯ್ಕೆ ಇಡುತ್ತವೆ: ₹15,000ದ ಶೇ 12, ಅಂದರೆ ತಿಂಗಳಿಗೆ ₹1,800 ಮಾತ್ರ ಕಡಿತ, ಇಲ್ಲವೇ ಪೂರ್ಣ ಬೇಸಿಕ್‌ನ ಮೇಲೆ ಶೇ 12.

ವರ್ಷಕ್ಕೆ ₹12 ಲಕ್ಷ ಸಿಟಿಸಿ, ತಿಂಗಳಿಗೆ ₹50,000 ಬೇಸಿಕ್ ಇರುವ ಒಬ್ಬರನ್ನು ತೆಗೆದುಕೊಳ್ಳೋಣ. ಮೊದಲ ಆಯ್ಕೆಯಲ್ಲಿ ಎರಡೂ ಪಾಲು ಸೇರಿ ತಿಂಗಳಿಗೆ ₹3,600 ಜಮೆಯಾಗುತ್ತದೆ, ಎರಡನೆಯದರಲ್ಲಿ ₹12,000. ನಡುವಿನ ₹8,400 ಮೊದಲ ಆಯ್ಕೆಯಲ್ಲಿ ಕೈಗೆ ಬರುವ ಸಂಬಳದ ಜೊತೆ ಸೇರಿಕೊಳ್ಳುತ್ತದೆ, ಯಾಕೆಂದರೆ ಸಂಸ್ಥೆಯ ಪಾಲನ್ನೂ ಸಿಟಿಸಿಯೊಳಗೇ ಲೆಕ್ಕ ಹಾಕಿರುತ್ತಾರೆ. ಬೇಸಿಕ್ ಒಂದು ರೂಪಾಯಿಯೂ ಏರಲಿಲ್ಲ, ಬಡ್ಡಿ 2023-24 ಮತ್ತು 2024-25ರಲ್ಲಿ ಘೋಷಣೆಯಾದ ಶೇ 8.25ರಲ್ಲೇ ಉಳಿಯಿತು ಎಂದುಕೊಂಡರೂ ತಿಂಗಳ ಆ ₹8,400 ಇಪ್ಪತ್ತು ವರ್ಷಗಳಲ್ಲಿ ಸುಮಾರು ₹49 ಲಕ್ಷವಾಗುತ್ತದೆ. ದರ ಪ್ರತಿವರ್ಷ ನಿಗದಿಯಾಗುವಂಥದ್ದು, ಹಿಂದೆ 2021-22ರಲ್ಲಿ ಶೇ 8.1ಕ್ಕೂ ಇಳಿದಿತ್ತು; ಆದ್ದರಿಂದ ಇದನ್ನು ಅಂದಾಜೆಂದೇ ಓದಬೇಕು.

ಕೈಗೆ ಹೆಚ್ಚು ಬಂದರೆ ಅದನ್ನೇ ಮ್ಯೂಚುವಲ್ ಫಂಡ್‌ಗೆ ಹಾಕುತ್ತೇನೆ ಎಂಬ ವಾದ ಸಾಮಾನ್ಯ. ಶಿಸ್ತಿನಿಂದ ಹಾಕುವವರಿಗೆ ಅದು ಒಪ್ಪುವ ವಾದವೇ. ಆದರೆ ಹೆಚ್ಚಾಗಿ ಬಂದ ಆ ಹಣ ಬಾಡಿಗೆ, ಕಾರಿನ ಕಂತು, ಊರಿನ ಖರ್ಚುಗಳಲ್ಲಿ ಕರಗುವುದೇ ಹೆಚ್ಚು, ಕೈಗೆ ಬಾರದ ಹಣವಷ್ಟೇ ಉಳಿಯುವುದು ಎಂಬುದು ನನ್ನ ಅಭಿಪ್ರಾಯ. ಮನೆ ಸಾಲದ ಕಂತು ಕಟ್ಟಲು ತಿಣುಕುತ್ತಿರುವವರನ್ನು ಬಿಟ್ಟರೆ ಉಳಿದವರಿಗೆ ಪೂರ್ಣ ಬೇಸಿಕ್ ಮೇಲಿನ ಪಿಎಫ್ ಮೇಲು. ಮೊದಲ ಕೆಲಸಕ್ಕೇ ₹15,000ಕ್ಕಿಂತ ಹೆಚ್ಚು ವೇತನದಲ್ಲಿ ಸೇರುವವರಿಗೆ ಪಿಎಫ್‌ನಿಂದ ಪೂರ್ತಿ ಹೊರಗುಳಿಯುವ ಅವಕಾಶವೂ ಇದೆ. ಅದನ್ನು ಬಳಸಿಕೊಳ್ಳುವುದು ನನಗೆ ಯಾವ ಕೋನದಿಂದಲೂ ಜಾಣತನವಾಗಿ ಕಾಣುವುದಿಲ್ಲ. ಪಿಎಫ್‌ನ ಜೊತೆಗೇ ಬರುವ ಇಡಿಎಲ್‌ಐ ಎಂಬ ಜೀವ ವಿಮೆಯೂ ಆಗ ತಪ್ಪುತ್ತದೆ. ಸೇವೆಯಲ್ಲಿದ್ದಾಗ ಸದಸ್ಯ ತೀರಿಕೊಂಡರೆ ಕುಟುಂಬಕ್ಕೆ ಗರಿಷ್ಠ ₹7 ಲಕ್ಷ ಕೊಡುವ ಈ ವಿಮೆಗೆ ನೌಕರ ಬಿಡಿಗಾಸೂ ಕಟ್ಟಬೇಕಿಲ್ಲ.

ಇನ್ನು ಪಿಂಚಣಿಯ ವಿಷಯ. ಸಂಸ್ಥೆಯ ಶೇ 12ರಲ್ಲಿ ಶೇ 8.33 ಭಾಗ, ಗರಿಷ್ಠ ತಿಂಗಳಿಗೆ ₹1,250, 1995ರ ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ. ಪಿಂಚಣಿಯ ಲೆಕ್ಕ ಸರಳ: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ₹15,000ದ ಮಿತಿಯಲ್ಲಿ 30 ವರ್ಷ ದುಡಿದು 58ಕ್ಕೆ ನಿವೃತ್ತರಾದವರಿಗೆ, 20 ವರ್ಷ ದಾಟಿದ್ದಕ್ಕೆ ಸಿಗುವ 2 ವರ್ಷಗಳ ಸೇರ್ಪಡೆಯೂ ಸೇರಿ, ತಿಂಗಳಿಗೆ ಸುಮಾರು ₹6,857. ಬೆಲೆ ಏರಿದಂತೆ ಇದು ಏರುವುದಿಲ್ಲ. ಹಾಗಾಗಿ ಇದನ್ನು ನಿವೃತ್ತಿಯ ಆಧಾರವೆಂದು ನಂಬುವಂತಿಲ್ಲ. ಔಷಧದ ಖರ್ಚಿಗೆ ಆದೀತು ಎಂದುಕೊಂಡರೆ ಸರಿ.

ಇಲ್ಲೊಂದು ಸೂಕ್ಷ್ಮವಿದೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಪಿಎಫ್ ಸದಸ್ಯರಾದವರ ವೇತನ ₹15,000ಕ್ಕಿಂತ ಹೆಚ್ಚಿದ್ದರೆ ಅವರು ಪಿಂಚಣಿ ಯೋಜನೆಗೆ ಸೇರುವಂತಿಲ್ಲ; ಸಂಸ್ಥೆಯ ಪೂರ್ತಿ ಪಾಲು ಪಿಎಫ್ ಖಾತೆಗೇ ಬರಬೇಕು. ಆದರೂ ಕೆಲವು ಕಡೆ ಸಂಬಳದ ತಂತ್ರಾಂಶ ಯಾಂತ್ರಿಕವಾಗಿ ₹1,250 ಅನ್ನು ಪಿಂಚಣಿಗೆ ಕಳಿಸುತ್ತಲೇ ಇರುತ್ತದೆ. ವರ್ಷಗಳ ನಂತರ ಹಣ ವರ್ಗಾಯಿಸಲು ಅಥವಾ ಹಿಂಪಡೆಯಲು ಹೋದಾಗ ಅರ್ಜಿ ತಿರಸ್ಕೃತವಾಗುವುದು ಇಂಥ ಕಾರಣಗಳಿಂದ. ಪಾಸ್‌ಬುಕ್ಕಿನ ಕೊನೆಯ ಕಾಲಂನಲ್ಲಿ ಪಿಂಚಣಿ ವಂತಿಗೆ ಇದೆಯೇ, ಇರಬೇಕಿತ್ತೇ ಎಂಬುದನ್ನು ಸೇರಿದ ಮೂರನೆಯ ತಿಂಗಳಲ್ಲೇ ನೋಡಿಕೊಂಡರೆ ಒಂದು ಇ-ಮೇಲ್‌ನಲ್ಲಿ ಮುಗಿಯುವ ಕೆಲಸ ಅದು.

ವಿಪಿಎಫ್ ಮತ್ತು ಕಂಪನಿಯ ಎನ್‌ಪಿಎಸ್

ಪಿಎಫ್ ಮೇಲೆ ಇನ್ನೂ ಉಳಿಸಬೇಕೆನ್ನುವವರಿಗೆ ಎರಡು ದಾರಿಗಳು. ಒಂದು ವಿಪಿಎಫ್, ಅಂದರೆ ಶೇ 12ರ ಮೇಲೆ ಸ್ವಇಚ್ಛೆಯಿಂದ ಅದೇ ಖಾತೆಗೆ ಅದೇ ಬಡ್ಡಿಗೆ ಹಾಕುವುದು. ಇದಕ್ಕೆ ಸಂಸ್ಥೆ ತನ್ನ ಪಾಲು ಸೇರಿಸುವುದಿಲ್ಲ. ಇನ್ನೊಂದು ಕಂಪನಿಯ ಮೂಲಕ ಎನ್‌ಪಿಎಸ್, ಇದರಲ್ಲಿ ಸಂಸ್ಥೆ ನಿಮ್ಮ ಸಿಟಿಸಿಯ ಒಂದು ಭಾಗವನ್ನು ನಿಮ್ಮ ಹೆಸರಿನ ಪಿಂಚಣಿ ಖಾತೆಗೆ ಕಟ್ಟುತ್ತದೆ. ಕಂಪನಿ ಕೊಡುತ್ತದೆ ಎಂಬ ಮಾತು ಕೇಳಲು ಚೆನ್ನ. ಬಹುತೇಕ ಸಂದರ್ಭಗಳಲ್ಲಿ ಅದು ನಿಮ್ಮದೇ ವಿಶೇಷ ಭತ್ಯೆಯಿಂದ ಎತ್ತಿಟ್ಟ ಹಣ.

ಎನ್‌ಪಿಎಸ್ ಮಾರುವವರ ಮೊದಲ ಮಾತು ತೆರಿಗೆ. ಹೊಸ ತೆರಿಗೆ ಪದ್ಧತಿಯಲ್ಲಿ 80 ಸಿ ಕಲಮಿನ ಉಳಿತಾಯ ವಿನಾಯಿತಿ ಇಲ್ಲ, ಸ್ವಂತವಾಗಿ ಕಟ್ಟುವ ಎನ್‌ಪಿಎಸ್‌ಗಿದ್ದ ₹50,000ದ ಹೆಚ್ಚುವರಿ ವಿನಾಯಿತಿಯೂ ಇಲ್ಲ. ಆದರೆ ಸಂಸ್ಥೆ ಕಟ್ಟುವ ಎನ್‌ಪಿಎಸ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ ವಿನಾಯಿತಿ ಇದೆ, ಹಳೆಯ ಪದ್ಧತಿಯಲ್ಲಿ ಶೇ 10. ಇದು ನಿಜ. ಆದರೆ ಯಾರಿಗೆ ಎಷ್ಟು ಲಾಭ ಎಂಬುದನ್ನು ಕೂತು ಲೆಕ್ಕ ಹಾಕಬೇಕು. 2025-26ರ ಹಂತಗಳ ಪ್ರಕಾರ ಹೊಸ ಪದ್ಧತಿಯಲ್ಲಿ ₹12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯೇ ಬೀಳುವುದಿಲ್ಲ, ಸಂಬಳದಾರರಿಗೆ ₹75,000ದ ನಿಗದಿತ ಕಡಿತ ಸೇರಿ ಅದು ₹12.75 ಲಕ್ಷದವರೆಗೆ. ಮೇಲಿನ ಉದಾಹರಣೆಯ ₹12 ಲಕ್ಷದ ನೌಕರನಿಗೆ ಎನ್‌ಪಿಎಸ್‌ನಿಂದ ಉಳಿಯುವ ತೆರಿಗೆ ಸೊನ್ನೆ. ಅವನಿಗೆ ತೆರಿಗೆಯ ಆಸೆ ತೋರಿಸಿ ಟಿಕ್ ಹಾಕಿಸುವುದು ಅನ್ಯಾಯ. ಅದೇ ₹30 ಲಕ್ಷ ಸಿಟಿಸಿ, ವರ್ಷಕ್ಕೆ ₹15 ಲಕ್ಷ ಬೇಸಿಕ್ ಇರುವವರು ಶೇ 14, ಅಂದರೆ ₹2.1 ಲಕ್ಷ, ಎನ್‌ಪಿಎಸ್‌ಗೆ ಹಾಕಿಸಿದರೆ ಶೇ 30ರ ಹಂತದಲ್ಲಿ ಸೆಸ್ ಸೇರಿ ವರ್ಷಕ್ಕೆ ₹65,520 ಉಳಿಯುತ್ತದೆ. ಇವರು ಈ ಕಾಲಂ ಖಾಲಿ ಬಿಡುವುದಕ್ಕೆ ಕಾರಣ ಹುಡುಕಬೇಕಾಗುತ್ತದೆ. ಸಂಸ್ಥೆಯ ಪಿಎಫ್, ಎನ್‌ಪಿಎಸ್, ಸೂಪರ್‌ಆ್ಯನ್ಯುಯೇಷನ್ (ಕಂಪನಿಯ ನಿವೃತ್ತಿ ನಿಧಿ) ಮೂರೂ ಪಾಲು ಸೇರಿ ವರ್ಷಕ್ಕೆ ₹7.5 ಲಕ್ಷ ದಾಟಿದರೆ ದಾಟಿದ ಭಾಗಕ್ಕೆ ತೆರಿಗೆ ಬೀಳುತ್ತದೆ ಎಂಬುದು ಅತಿ ದೊಡ್ಡ ಸಂಬಳದವರು ಮಾತ್ರ ನೋಡಬೇಕಾದ ಅಂಶ.

ತೆರಿಗೆಯನ್ನು ಬದಿಗಿಟ್ಟರೆ ಎರಡರ ಸ್ವಭಾವವೇ ಬೇರೆ. ವಿಪಿಎಫ್‌ನಲ್ಲಿ ವರ್ಷದ ಬಡ್ಡಿ ಘೋಷಣೆಯಾಗಿ ಜಮೆಯಾದ ಮೇಲೆ ಆ ಮೊತ್ತ ಇಳಿಯುವುದಿಲ್ಲ. ಎನ್‌ಪಿಎಸ್‌ನಲ್ಲಿ ಷೇರು, ಕಾರ್ಪೊರೇಟ್ ಸಾಲಪತ್ರ, ಸರ್ಕಾರಿ ಸಾಲಪತ್ರಗಳ ಪ್ರಮಾಣವನ್ನು ನೀವೇ ಆರಿಸಬಹುದು. ಮೂವತ್ತರ ವಯಸ್ಸಿನವರಿಗೆ ಷೇರಿನ ಪಾಲು ದೀರ್ಘಾವಧಿಯಲ್ಲಿ ಲಾಭ ತರುವ ಸಾಧ್ಯತೆ ಹೆಚ್ಚು, ಏರಿಳಿತವೂ ಅಷ್ಟೇ ಹೆಚ್ಚು. ಹಣ ಹೊರತೆಗೆಯುವಾಗ ಬಿಗಿ ಇರುವುದು ಎನ್‌ಪಿಎಸ್‌ನಲ್ಲೇ. ನಡುವೆ ಮಕ್ಕಳ ಓದು, ಮದುವೆ, ಮನೆ, ಗಂಭೀರ ಕಾಯಿಲೆಯಂಥ ಕಾರಣಗಳಿಗೆ ಸ್ವಂತ ವಂತಿಗೆಯ ಶೇ 25ರವರೆಗೆ ಮಾತ್ರ ತೆಗೆಯಬಹುದು, ಸಂಸ್ಥೆ ಕಟ್ಟಿದ ಭಾಗವನ್ನು ಮುಟ್ಟುವಂತಿಲ್ಲ. ಅವಧಿಗೆ ಮುನ್ನ ಪೂರ್ತಿ ಹೊರಬಂದರೆ ಶೇ 80 ಭಾಗದಿಂದ ಆನ್ಯುಟಿ, ಅಂದರೆ ವಿಮಾ ಕಂಪನಿಯಿಂದ ಜೀವನಪೂರ್ತಿ ಪಿಂಚಣಿ ಕೊಡುವ ಯೋಜನೆ, ಕೊಳ್ಳಬೇಕು. 60ರ ನಂತರ ಆನ್ಯುಟಿಗೆ ಶೇ 40 ಎಂಬುದು ಬಹುಕಾಲದ ನಿಯಮವಾಗಿತ್ತು. ಸರ್ಕಾರೇತರ ಚಂದಾದಾರರಿಗೆ 2025ರ ಡಿಸೆಂಬರ್‌ನ ತಿದ್ದುಪಡಿ ಅದನ್ನು ಶೇ 20ಕ್ಕೆ ಇಳಿಸಿದೆ. ಆನ್ಯುಟಿಯಿಂದ ಬರುವ ಪಿಂಚಣಿಗೆ ಆಯಾ ವರ್ಷದ ತೆರಿಗೆ ಇದ್ದೇ ಇದೆ.

ಐದು ವರ್ಷ ಪೂರೈಸಿದ ಪಿಎಫ್‌ನ ಹಣ ತೆರಿಗೆ ಇಲ್ಲದೆ ಕೈಗೆ ಬರುತ್ತದೆ. ನೌಕರನ ಸ್ವಂತ ವಂತಿಗೆ, ವಿಪಿಎಫ್ ಸೇರಿ, ವರ್ಷಕ್ಕೆ ₹2.5 ಲಕ್ಷ ದಾಟಿದರೆ ದಾಟಿದ ಭಾಗದ ಬಡ್ಡಿಗೆ ಮಾತ್ರ 2021ರ ಏಪ್ರಿಲ್‌ನಿಂದ ತೆರಿಗೆ ಇದೆ. ಆದ್ದರಿಂದ ನನ್ನ ಸಲಹೆ ಇಷ್ಟು: ತೆರಿಗೆಯ ಹಂತದೊಳಗೆ ಬಾರದವರು, ಅಥವಾ ಮುಂದಿನ ಹತ್ತು ವರ್ಷಗಳಲ್ಲಿ ಮನೆ ಕಟ್ಟುವ ಯೋಚನೆ ಇರುವವರು, ₹2.5 ಲಕ್ಷದ ಮಿತಿಯೊಳಗೆ ವಿಪಿಎಫ್ ಹಿಡಿಯಲಿ. ಶೇ 20, ಶೇ 30ರ ಹಂತದಲ್ಲಿದ್ದು, ಹಣ 60ರವರೆಗೆ ಬೀಗದೊಳಗೆ ಇದ್ದರೂ ತೊಂದರೆಯಿಲ್ಲ ಎನ್ನುವವರು ಮೊದಲು ಎನ್‌ಪಿಎಸ್ ನೋಡಲಿ. ಎರಡೂ ಖಾತೆಗಳು ನೌಕರನ ಹೆಸರಿನವು, ಯುಎಎನ್ (ಪಿಎಫ್‌ನದು) ಮತ್ತು ಪ್ರಾನ್ (ಎನ್‌ಪಿಎಸ್‌ನದು) ಸಂಖ್ಯೆಗಳ ಮೂಲಕ ಕಂಪನಿಯಿಂದ ಕಂಪನಿಗೆ ಜೊತೆಯಲ್ಲೇ ಬರುವಂಥವು. ಆ ದೃಷ್ಟಿಯಿಂದ ಇವೆರಡರಲ್ಲಿ ಹೆಚ್ಚು ಕಡಿಮೆ ಇಲ್ಲ.

ರಾಜ್ಯ ಸರ್ಕಾರಿ ನೌಕರರ ಲೆಕ್ಕ ಬೇರೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಎನ್‌ಪಿಎಸ್ ಆಯ್ಕೆಯಲ್ಲ, ನಿಯಮ. ಹಳೆಯ ಪಿಂಚಣಿಗಾಗಿ ಅವರು ನಡೆಸುತ್ತ ಬಂದಿರುವ ಹೋರಾಟವನ್ನು ಖಾಸಗಿ ನೌಕರರ ಈ ಆಯ್ಕೆಯ ಜೊತೆ ಬೆರೆಸಿ ನೋಡುವುದು ಬೇಡ.

ಗ್ರಾಚ್ಯುಟಿ

ಇದರಲ್ಲಿ ಆರಿಸಲು ಏನೂ ಇಲ್ಲ, ತಿಳಿದುಕೊಳ್ಳಲು ಮಾತ್ರ ಇದೆ. ಕೊನೆಯ ತಿಂಗಳ ಬೇಸಿಕ್ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವಾ ವರ್ಷಗಳಿಂದ ಗುಣಿಸಿದರೆ ಗ್ರಾಚ್ಯುಟಿ. ಮಿತಿ ₹20 ಲಕ್ಷ. ಸಿಟಿಸಿಯಲ್ಲಿ ಬೇಸಿಕ್‌ನ ಶೇ 4.81 ಎಂದು ಕಾಣುವ ಸಾಲು ಇದೇ ಲೆಕ್ಕದಿಂದ ಬಂದದ್ದು. ಐದು ವರ್ಷ ಪೂರೈಸದೆ ಬಿಟ್ಟವರಿಗೆ ಆ ಸಾಲು ಕಾಗದದ ಮೇಲೇ ಉಳಿಯುತ್ತದೆ. ಹಾಗಾಗಿ ಎರಡು ಆಫರ್‌ಗಳನ್ನು ಹೋಲಿಸುವಾಗ, ಐದು ವರ್ಷ ಇರುವ ಭರವಸೆ ಇಲ್ಲದಿದ್ದರೆ, ಗ್ರಾಚ್ಯುಟಿಯನ್ನು ಸಿಟಿಸಿಯಿಂದ ಕಳೆದು ನೋಡುವುದೇ ಸರಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ಗುತ್ತಿಗೆ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಬಂದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗವನ್ನೂ ವೇತನವೆಂದೇ ಲೆಕ್ಕ ಹಾಕಬೇಕೆಂಬ ನಿಯಮವೂ ಅದರಲ್ಲಿದೆ. ಬೇಸಿಕ್ ಅನ್ನು ಬೇಕೆಂದೇ ತೀರ ಕಡಿಮೆ ತೋರಿಸುವ ಹಳೆಯ ಅಭ್ಯಾಸಕ್ಕೆ ಇದರಿಂದ ಪೆಟ್ಟು ಬೀಳುತ್ತದೆ. ಕಂಪನಿಯೇ ಮುಚ್ಚಿದರೆ ಎಂಬ ಭಯ ಇರುವವರು ತಿಳಿದಿರಬೇಕಾದದ್ದು: ಸಂಸ್ಥೆಗಳು ಗ್ರಾಚ್ಯುಟಿ ಹೊಣೆಗೆ ವಿಮೆ ಮಾಡಿಸಲೇಬೇಕೆಂಬ ನಿಯಮವನ್ನು ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಹೊರಡಿಸಿತು. ನಿಮ್ಮ ಸಂಸ್ಥೆ ಮಾಡಿಸಿದೆಯೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಗುಂಪು ಆರೋಗ್ಯ ವಿಮೆಯೋ, ಸ್ವಂತ ಪಾಲಿಸಿಯೋ

ಕಂಪನಿಯ ಗುಂಪು ವಿಮೆಯಷ್ಟು ಉದಾರವಾದ ಪಾಲಿಸಿ ಹೊರಗಿನ ಮಾರುಕಟ್ಟೆಯಲ್ಲಿ ಒಬ್ಬ ವ್ಯಕ್ತಿಗೆ ಸಿಗುವುದು ಕಷ್ಟ. ವೈದ್ಯಕೀಯ ತಪಾಸಣೆ ಇಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಮೊದಲೇ ಇರುವ ಕಾಯಿಲೆಗಳಿಗೆ ಹೆಚ್ಚಿನ ಕಂಪನಿಗಳಲ್ಲಿ ಮೊದಲ ದಿನದಿಂದಲೇ ರಕ್ಷಣೆ, ಹೆರಿಗೆಗೂ ಕಾಯಬೇಕಿಲ್ಲ. ಸ್ವಂತ ಪಾಲಿಸಿಯಲ್ಲಾದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಹಾಕಲು ವಿಮಾ ಕಂಪನಿಗೆ ಅವಕಾಶವಿದೆ. ಹೀಗಿರುವಾಗ ಸ್ವಂತಕ್ಕೆ ಬೇರೆ ಪ್ರೀಮಿಯಂ ಯಾಕೆ ಎಂದು ಕೇಳುವವರೇ ಹೆಚ್ಚು. ಉತ್ತರ ಆ ಮೊದಲ ಪ್ರಶ್ನೆಯಲ್ಲೇ ಇದೆ: ಕೊನೆಯ ಕೆಲಸದ ದಿನದಂದು ಈ ವಿಮೆಯೂ ಕೊನೆಯಾಗುತ್ತದೆ. ಜೊತೆಗೆ ಪ್ರತಿವರ್ಷದ ನವೀಕರಣದಲ್ಲಿ ಕಂಪನಿ ಷರತ್ತುಗಳನ್ನು ಬದಲಿಸಬಹುದು. ಹೋದ ವರ್ಷ ಇದ್ದ ತಂದೆತಾಯಿಯರ ರಕ್ಷಣೆ ಈ ವರ್ಷ ಇಲ್ಲದಿರಬಹುದು, ಅಥವಾ ಅದರ ಪ್ರೀಮಿಯಂ ನಿಮ್ಮ ಸಂಬಳದಿಂದ ಕಡಿತವಾಗುವಂತಾಗಬಹುದು.

ವಿಮಾ ಮೊತ್ತ ಎಷ್ಟು ಎಂದು ನೋಡುವವರು ಕೋಣೆ ಬಾಡಿಗೆಯ ಮಿತಿಯನ್ನು ನೋಡುವುದಿಲ್ಲ. ನಿಜವಾದ ಪೆಟ್ಟು ಬೀಳುವುದು ಅಲ್ಲಿ. ₹3 ಲಕ್ಷದ ಪಾಲಿಸಿಯಲ್ಲಿ ಕೋಣೆ ಬಾಡಿಗೆ ವಿಮಾ ಮೊತ್ತದ ಶೇ 1, ಅಂದರೆ ದಿನಕ್ಕೆ ₹3,000 ಎಂದಿದೆ ಎಂದುಕೊಳ್ಳಿ. ತಂದೆಯವರನ್ನು ಶಸ್ತ್ರಚಿಕಿತ್ಸೆಗೆ ಸೇರಿಸಿದ್ದೀರಿ, ಸಿಕ್ಕ ಕೋಣೆಯ ಬಾಡಿಗೆ ದಿನಕ್ಕೆ ₹6,000, ನಾಲ್ಕು ದಿನ ಇದ್ದರು. ಒಟ್ಟು ಬಿಲ್ ₹2 ಲಕ್ಷ: ಕೋಣೆಗೆ ₹24,000, ಶಸ್ತ್ರಚಿಕಿತ್ಸಕರು, ಅರಿವಳಿಕೆ, ಆಪರೇಷನ್ ಥಿಯೇಟರ್, ಶುಶ್ರೂಷೆ ಸೇರಿ ₹1 ಲಕ್ಷ, ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ₹70,000, ಪಾಲಿಸಿಯಲ್ಲಿ ಬಾರದ ಸಣ್ಣಪುಟ್ಟ ಸಾಮಗ್ರಿಗೆ ₹6,000. ಕೋಣೆಯ ಹೆಚ್ಚುವರಿ ₹12,000 ಮತ್ತು ಆ ₹6,000 ಮಾತ್ರ ಕೈಯಿಂದ ಹೋಗುತ್ತದೆ ಎಂದು ನೀವು ಲೆಕ್ಕ ಹಾಕಿರುತ್ತೀರಿ. ಹಾಗಾಗುವುದಿಲ್ಲ. ಕೋಣೆಯ ದರ ಮಿತಿಯ ಎರಡರಷ್ಟಿದ್ದರೆ ಕೋಣೆಯ ದರ್ಜೆಗೆ ತಕ್ಕಂತೆ ಏರುವ ವೈದ್ಯರ ಶುಲ್ಕ, ಥಿಯೇಟರ್ ಶುಲ್ಕಗಳನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಸುತ್ತಾರೆ. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ತಾಗಬಾರದು. ಅಲ್ಲಿಗೆ ವಿಮೆ ಒಪ್ಪುವ ಮೊತ್ತ ₹12,000, ₹50,000, ₹70,000 ಸೇರಿ ₹1,32,000. ತಂದೆತಾಯಿಯರಿಗೆ ಶೇ 20ರ ಕೋ-ಪೇ (ಬಿಲ್ಲಿನಲ್ಲಿ ನೀವೇ ಕಟ್ಟಬೇಕಾದ ಪಾಲು) ಷರತ್ತಿದ್ದರೆ ಅದೂ ಕಳೆದು ₹1,05,600. ಡಿಸ್ಚಾರ್ಜ್ ಕೌಂಟರ್‌ನಲ್ಲಿ ನೀವು ಕಟ್ಟಬೇಕಾದದ್ದು ₹94,400.

ಹೀಗಾಗಿ ಎರಡು ಕಂಪನಿಗಳ ವಿಮೆಯನ್ನು ಹೋಲಿಸುವಾಗ ಮಿತಿಯೇ ಇಲ್ಲದ ₹3 ಲಕ್ಷದ ಪಾಲಿಸಿಯನ್ನು ಶೇ 1ರ ಮಿತಿ ಇರುವ ₹5 ಲಕ್ಷದ ಪಾಲಿಸಿಗಿಂತ ಮೇಲಿಡಬೇಕಾದ ಸಂದರ್ಭಗಳಿವೆ. ಎಚ್‌ಆರ್ ಕಳಿಸುವ ಬಣ್ಣಬಣ್ಣದ ಪಿಡಿಎಫ್‌ನಲ್ಲಿ ಇದು ಸಿಗದಿದ್ದರೆ ಪಾಲಿಸಿಯ ಪೂರ್ತಿ ಪ್ರತಿ ಕೇಳಿ. ಕೋಣೆ ಬಾಡಿಗೆ, ಕೋ-ಪೇ, ಕಣ್ಣಿನ ಪೊರೆ ಮತ್ತು ಹೆರಿಗೆಯಂಥವಕ್ಕೆ ಹಾಕಿರುವ ಪ್ರತ್ಯೇಕ ಮಿತಿ, ಈ ಮೂರನ್ನು ಓದಿದರೆ ಪಾಲಿಸಿಯ ಯೋಗ್ಯತೆ ತಿಳಿಯುತ್ತದೆ.

ಸ್ವಂತ ಪಾಲಿಸಿಯನ್ನು ಯಾವಾಗ ಕೊಳ್ಳಬೇಕು ಎಂಬುದೇ ಇಲ್ಲಿನ ಮುಖ್ಯ ತೀರ್ಮಾನ. ಕಂಪನಿಯ ವಿಮೆ ಇರುವಾಗಲೇ ಕೊಳ್ಳಬೇಕು, ಯಾಕೆಂದರೆ ಸ್ವಂತ ಪಾಲಿಸಿಯ ಕಾಯುವ ಅವಧಿ ಆಗ ಗುಂಪು ವಿಮೆಯ ನೆರಳಿನಲ್ಲಿ ಕಳೆದುಹೋಗುತ್ತದೆ. ಮೂವತ್ತೆರಡರಲ್ಲಿ ಕೊಂಡವರು ಮೂವತ್ತೈದಕ್ಕೆ ಕೆಲಸ ಕಳೆದುಕೊಂಡರೂ ಅವರ ಪಾಲಿಸಿ ಆ ಹೊತ್ತಿಗೆ ಪೂರ್ತಿ ಬಲಕ್ಕೆ ಬಂದಿರುತ್ತದೆ. ಸತತ 60 ತಿಂಗಳು ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾದ ಹೊರತು, ಕಾಯಿಲೆ ಮುಚ್ಚಿಟ್ಟಿರಿ ಎಂದು ವಿಮಾ ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂಬ ನಿಯಮ 2024ರಿಂದ ಇದೆ. ಮೊದಲು ಇದು 8 ವರ್ಷವಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲಿನ ಜಿಎಸ್‌ಟಿ ಪೂರ್ತಿ ಹೋಗಿದೆ, ಗುಂಪು ವಿಮೆಗೆ ಶೇ 18 ಹಾಗೆಯೇ ಉಳಿದಿದೆ. ತಂದೆತಾಯಿಯರನ್ನು ಗುಂಪಿಗೆ ಸೇರಿಸಿ ಪ್ರೀಮಿಯಂ ಅನ್ನು ಸಂಬಳದಿಂದ ಕಟ್ಟುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗೆಂದು ಅರವತ್ತೈದು ದಾಟಿದ, ಸಕ್ಕರೆ ಕಾಯಿಲೆ ಇರುವ ತಾಯಿಗೆ ಇವತ್ತೇ ಗುಂಪು ವಿಮೆ ಬಿಟ್ಟು ಸ್ವಂತ ಪಾಲಿಸಿ ಮಾಡಿಸಿ ಎಂದು ನಾನು ಹೇಳಲಾರೆ. ಪಾಲಿಸಿ ಕೊಳ್ಳಲು ಇದ್ದ 65 ವರ್ಷದ ವಯೋಮಿತಿ 2024ರಲ್ಲಿ ಹೋಗಿದೆ ನಿಜ, ಆದರೆ ಪ್ರೀಮಿಯಂ ಕೈಸುಡುತ್ತದೆ. ಅವರಿಗೆ ಗುಂಪು ವಿಮೆಯೇ ಮೊದಲ ಆಸರೆ. ಕೈಲಾದರೆ ಅದರ ಜೊತೆಗೆ ಸಣ್ಣ ಮೊತ್ತದ ಸ್ವಂತ ಪಾಲಿಸಿಯನ್ನು ಆರಂಭಿಸಿಟ್ಟರೆ ಮೂರು ವರ್ಷಗಳ ನಂತರ ಅದು ಕಾಲ ಮೇಲೆ ನಿಲ್ಲುತ್ತದೆ. ಸೂಪರ್ ಟಾಪ್-ಅಪ್ ಅಗ್ಗವೆಂದು ಅದೊಂದನ್ನೇ ಕೊಳ್ಳುವವರಿಗೆ ಒಂದು ಎಚ್ಚರಿಕೆ: ವರ್ಷದ ಆಸ್ಪತ್ರೆ ವೆಚ್ಚ, ಉದಾಹರಣೆಗೆ, ₹5 ಲಕ್ಷ ದಾಟಿದ ಮೇಲಷ್ಟೇ ಅದು ಕೆಲಸಕ್ಕೆ ಬರುತ್ತದೆ. ಕೆಳಗಿನ ₹5 ಲಕ್ಷ ಕಂಪನಿಯದಾಗಿದ್ದು, ಕಂಪನಿ ಬಿಟ್ಟ ದಿನ ಅದು ಹೋದರೆ, ಮೇಲಿನ ಅಂತಸ್ತು ಮಾತ್ರ ಗಾಳಿಯಲ್ಲಿ ಉಳಿಯುತ್ತದೆ.

ಇಎಸ್‌ಐ: ಕಡೆಗಣಿಸಬಾರದ ಆಯ್ಕೆ

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಹೆಸರೆತ್ತಿದರೆ ಮೂಗು ಮುರಿಯುವವರಿದ್ದಾರೆ. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಿಗೆ ಮಾತ್ರ ಅದು ನಿತ್ಯದ ವಿಷಯ. ತಿಂಗಳಿಗೆ ₹21,000ದವರೆಗಿನ ವೇತನದವರಿಗೆ ಇದು ಕಡ್ಡಾಯ. ನೌಕರನ ಪಾಲು ವೇತನದ ಶೇ 0.75, ಸಂಸ್ಥೆಯದು ಶೇ 3.25. ₹20,000 ವೇತನಕ್ಕೆ ನೌಕರ ಕಟ್ಟುವುದು ₹150.

ಈ ₹150ಕ್ಕೆ ಸಿಗುವುದನ್ನು ಯಾವ ಗುಂಪು ವಿಮೆಯ ಜೊತೆಗಾದರೂ ಇಟ್ಟು ನೋಡಬಹುದು. ಕುಟುಂಬಕ್ಕೂ, ಆದಾಯ ಮಿತಿಯೊಳಗಿರುವ ಅವಲಂಬಿತ ತಂದೆತಾಯಿಯರಿಗೂ ಚಿಕಿತ್ಸೆ. ಹೊರರೋಗಿ ಚಿಕಿತ್ಸೆ ಮತ್ತು ಔಷಧ ಸೇರಿ, ಕೋ-ಪೇ ಇಲ್ಲದೆ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70 ನಗದು. ಹೆರಿಗೆಗೆ 26 ವಾರ ಪೂರ್ತಿ ವೇತನ. ಗುಂಪು ಮೆಡಿಕ್ಲೇಮ್ ಆಸ್ಪತ್ರೆಯ ಬಿಲ್ ತುಂಬುತ್ತದೆಯೇ ಹೊರತು ಮನೆಯಲ್ಲಿ ಮಲಗಿರುವವರ ಸಂಬಳ ತುಂಬುವುದಿಲ್ಲ. ರಾಜಾಜಿನಗರ, ಪೀಣ್ಯ, ಇಂದಿರಾನಗರದ ಇಎಸ್‌ಐ ಆಸ್ಪತ್ರೆಗಳಲ್ಲಿ ಸರದಿ ಉದ್ದ, ಕಾಯುವ ಹೊತ್ತು ಹೆಚ್ಚು ಎಂಬುದು ಸುಳ್ಳಲ್ಲ; ಅರ್ಧ ದಿನದ ಸಂಬಳ ಬಿಟ್ಟು ಬರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಅದು ಸಣ್ಣ ತೊಂದರೆಯೂ ಅಲ್ಲ. ಆದರೂ ಸೌಲಭ್ಯದ ವಿಸ್ತಾರದಲ್ಲಿ ಇದು ಎಷ್ಟೋ ₹2 ಲಕ್ಷದ ಗುಂಪು ಪಾಲಿಸಿಗಳನ್ನು ಮೀರಿಸುತ್ತದೆ.

ಇಲ್ಲಿ ಆಯ್ಕೆ ಏಳುವುದು ಬಡ್ತಿಯ ಹೊತ್ತಿನಲ್ಲಿ. ₹20,500ರಿಂದ ₹21,500ಕ್ಕೆ ಏರಿದವರು ಆ ವಂತಿಗೆ ಅವಧಿ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ, ಇಎಸ್‌ಐನಲ್ಲಿರುತ್ತಾರೆ, ನಂತರ ಹೊರಗೆ. ಆ ಸಾವಿರ ರೂಪಾಯಿಗೆ ಒಪ್ಪುವ ಮುನ್ನ ಕಂಪನಿ ಬದಲಿಗೆ ಯಾವ ವಿಮೆ ಕೊಡುತ್ತದೆ, ಅದು ಯಾವ ದಿನಾಂಕದಿಂದ, ತಂದೆತಾಯಿ ಅದರಲ್ಲಿ ಬರುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಮನೆಯಲ್ಲಿ ಡಯಾಲಿಸಿಸ್‌ನಲ್ಲಿರುವ ಒಬ್ಬರಿದ್ದರೆ ಆ ಸಾವಿರ ರೂಪಾಯಿ ನಷ್ಟದ ಬಾಬತ್ತಾಗಬಹುದು. ಇನ್ನೊಂದು ಮಾತು ಹಲವರಿಗೆ ತಿಳಿದಿಲ್ಲ: ಕನಿಷ್ಠ ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು ನಿವೃತ್ತರಾದವರು ವರ್ಷಕ್ಕೆ ₹120 ಕಟ್ಟಿ ತಮಗೂ ಸಂಗಾತಿಗೂ ಚಿಕಿತ್ಸೆಯನ್ನು ಮುಂದುವರಿಸಿಕೊಳ್ಳಬಹುದು. ₹10 ಲಕ್ಷದ ಕಾರ್ಪೊರೇಟ್ ಪಾಲಿಸಿ ನಿವೃತ್ತಿಯ ದಿನ ಮುಗಿಯುತ್ತದೆ. ಮೂಗು ಮುರಿಸಿಕೊಂಡ ಇಎಸ್‌ಐ ಮುಗಿಯುವುದಿಲ್ಲ.

ಕೆಲಸ ಬದಲಿಸುವ ತಿಂಗಳು

ರಾಜೀನಾಮೆ ಕೊಟ್ಟ ವಾರದಲ್ಲೇ ಗುಂಪು ವಿಮೆಯ ಕಂಪನಿಗೆ ಬರೆದು, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶ ಕೇಳಬಹುದು. ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಸೇರುತ್ತವೆ, ಆದರೆ ಒಪ್ಪುವುದು ಬಿಡುವುದು ಅವರ ಪರಿಶೀಲನೆಗೆ ಬಿಟ್ಟದ್ದು. ಕೊನೆಯ ದಿನ ಮುಗಿದ ಮೇಲೆ ಕೇಳಿದರೆ ಆ ಬಾಗಿಲು ತೆರೆಯುವುದು ಕಷ್ಟ. ಹೊಸ ಕಂಪನಿಯ ವಿಮೆ ಸೇರಿದ ದಿನದಿಂದಲೇ ಆರಂಭವೋ, ಮುಂದಿನ ತಿಂಗಳ ಪಟ್ಟಿ ಕಳಿಸಿದ ಮೇಲೋ ಎಂಬುದನ್ನೂ ಕೇಳಿಟ್ಟುಕೊಳ್ಳಬೇಕು. ಎರಡು ಕೆಲಸಗಳ ನಡುವೆ ಊರಿಗೆ ಹೋಗಿ ಬರುವ ಹದಿನೈದು ದಿನಗಳಲ್ಲಿ ಬಹಳಷ್ಟು ಮಂದಿಗೆ ಯಾವ ವಿಮೆಯೂ ಇರುವುದಿಲ್ಲ.

ಪಿಎಫ್ ಹಣವನ್ನು ಹಿಂಪಡೆಯುವ ಬದಲು ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿ. ಎರಡೂ ಕಡೆಯ ಸೇವೆ ಸೇರಿ ಐದು ವರ್ಷ ಆಗದೆ ಹಿಂಪಡೆದರೆ ತೆರಿಗೆ ಬೀಳುತ್ತದೆ, ಪಿಂಚಣಿ ಯೋಜನೆಯಲ್ಲಿರುವವರಿಗೆ ಬೇಕಾದ ಹತ್ತು ವರ್ಷಗಳ ಸೇವೆಯ ಎಣಿಕೆಯೂ ಅಲ್ಲಿಗೆ ಕಡಿಯಬಹುದು. ಕೆಲಸ ಹೋದವರು ಪೂರ್ತಿ ಹಣ ತೆಗೆಯಲು ಕಾಯಬೇಕಾದ ಅವಧಿಯನ್ನು 2 ತಿಂಗಳಿಂದ 12 ತಿಂಗಳಿಗೆ ಏರಿಸುವ, ಖಾತೆಯಲ್ಲಿ ಶೇ 25 ಉಳಿಸುವ ತೀರ್ಮಾನವನ್ನು ಪಿಎಫ್ ಸಂಸ್ಥೆ ಇಪಿಎಫ್‌ಒದ ಕೇಂದ್ರ ಮಂಡಳಿ 2025ರ ಅಕ್ಟೋಬರ್‌ನಲ್ಲಿ ಕೈಗೊಂಡಿತು. ಅದನ್ನು ಟೀಕಿಸಿದವರು ಬಹಳ. ಕೆಲಸವಿಲ್ಲದ ತಿಂಗಳುಗಳಿಗೆಂದು ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇಡಬೇಕು ಎಂಬುದಕ್ಕೆ ಮಾತ್ರ ಅದು ಇನ್ನೊಂದು ಕಾರಣವಾಯಿತು.

ಇನ್ನು ನಾಮಿನಿ. ಪಿಎಫ್‌ನಲ್ಲಿ ಮದುವೆಗೆ ಮುನ್ನ ಮಾಡಿದ ನಾಮನಿರ್ದೇಶನ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಮಾಡಬೇಕು. ಪಿಎಫ್, ಎನ್‌ಪಿಎಸ್, ಗ್ರಾಚ್ಯುಟಿ, ಕಂಪನಿಯ ಜೀವ ವಿಮೆ ಇದ್ದರೆ ಅದು, ಎಲ್ಲಕ್ಕೂ ನಾಮಿನಿ ಬೇರೆ ಬೇರೆ. ಒಂದರಲ್ಲಿ ತುಂಬಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಪಿಎಫ್‌ನದನ್ನು ಯುಎಎನ್ ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಬಳಸಿ ನೀವೇ ತುಂಬಬಹುದು, ಅದಕ್ಕೆ ಎಚ್‌ಆರ್ ಸಹಿ ಬೇಕಿಲ್ಲ.